281 ಪೌಂಡ್ ಫ್ಯೂರಿ, ಆದರೂ ನನ್ನ ಮತ ಉಸಿಕ್‌ಗೆ

ನಾಳೆಯ ಹೆವಿವೇಟ್ ಬಾಕ್ಸಿಂಗ್ ಪಂದ್ಯಕ್ಕೆ ಇವತ್ತು ರಿಯಾದ್‌ನಲ್ಲಿ ತೂಕ ಹಾಕಿದರು. ಟೈಸನ್ ಫ್ಯೂರಿ 281 ಪೌಂಡ್, ಒಲೆಕ್ಸಾಂಡರ್ ಉಸಿಕ್ 226. ಇಬ್ಬರೂ ಬಟ್ಟೆ ಸಮೇತ ತೂಕದ ಯಂತ್ರ ಹತ್ತಿದರು, ಹಾಗಾಗಿ ಎರಡೂ ಕಡೆ ಕೆಲವು ಪೌಂಡ್ ಕಳೆದುಕೊಳ್ಳಿ. ಆದರೂ ಇಬ್ಬರ ನಡುವೆ ಸುಮಾರು 25 ಕೆಜಿ ವ್ಯತ್ಯಾಸ. ಫ್ಯೂರಿಯ ವೃತ್ತಿಜೀವನದಲ್ಲೇ ಇಷ್ಟು ತೂಕ ಹಿಂದೆಂದೂ ಇರಲಿಲ್ಲ.

ಸುದ್ದಿ ಬಂದ ತಕ್ಷಣ ಅಣ್ಣನ ಮೆಸೇಜ್ ಬಂತು. ಅವನು ಫ್ಯೂರಿ ಭಕ್ತ. "281 ನೋಡಿದ್ಯೇನೋ? ನಿನ್ನ ಉಸಿಕ್ ಕಥೆ ಮುಗೀತು. ಈ ಸಲ ಮೈಮೇಲೆ ಬಿದ್ದು ಜಜ್ಜಿ ಹಾಕ್ತಾನೆ."

"ಅಣ್ಣಾ, ಒಂಬತ್ತನೇ ಸುತ್ತಲ್ಲಿ ಆ ತೂಕ ಹೊರೋದು ಯಾರು?" ಅಂತ ನಾನು ಬರೆದೆ. ಇನ್ನೂ ಉತ್ತರ ಬಂದಿಲ್ಲ.

ನಾಳೆ, 2024ರ ಡಿಸೆಂಬರ್ 21ರ ರಾತ್ರಿ, ಮೇ ತಿಂಗಳಲ್ಲಿ ಉಸಿಕ್ ಗೆದ್ದ ಅದೇ ಕಿಂಗ್‌ಡಮ್ ಅರೀನಾದಲ್ಲಿ ರೀಮ್ಯಾಚ್, ಅಂದರೆ ಇಬ್ಬರ ಮರುಪಂದ್ಯ. ಅದಕ್ಕೂ ಮೊದಲು ನನ್ನ ಲೆಕ್ಕಾಚಾರವನ್ನು ಬರೆದಿಟ್ಟುಬಿಡೋಣ ಅಂತ ಕೂತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಉಸಿಕ್ ಅಂಕಗಳ ಮೇಲೆ ಗೆಲ್ಲುತ್ತಾನೆ. ನಾಕೌಟ್ ಆಗಲ್ಲ. ಮೂವರು ಜಡ್ಜ್‌ಗಳೂ ಅವನಿಗೇ ಕೊಡುತ್ತಾರೆ. ನನ್ನ ಅಂದಾಜು 115-113. ಆದರೆ ಇದು ಸುಲಭದ ಪಂದ್ಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ಪಂದ್ಯದ ಅಂಕಪಟ್ಟಿಯನ್ನು ಸರಿಯಾಗಿ ನೋಡಿದವರು ಹಾಗೆ ಹೇಳಲ್ಲ.

ಆ ಅಂಕಪಟ್ಟಿ ಹೀಗಿತ್ತು. ಮೇ 18ರ ರಾತ್ರಿ ಒಬ್ಬ ಜಡ್ಜ್ ಉಸಿಕ್‌ಗೆ 115-112 ಕೊಟ್ಟರು. ಇನ್ನೊಬ್ಬರು ಉಸಿಕ್‌ಗೇ 114-113. ಮೂರನೆಯವರು ಫ್ಯೂರಿಗೆ 114-113. ಬಾಕ್ಸಿಂಗ್‌ನಲ್ಲಿ ಸುತ್ತು ಗೆದ್ದವನಿಗೆ 10, ಸೋತವನಿಗೆ 9. ಕೆಳಗೆ ಬಿದ್ದರೆ ಅಥವಾ ರೆಫರಿ ಎಣಿಸಿದರೆ ಸಾಮಾನ್ಯವಾಗಿ ಇನ್ನೊಂದು ಅಂಕ ಹೋಗುತ್ತದೆ, ಅಂದರೆ 10-8. ಒಂಬತ್ತನೇ ಸುತ್ತಿನಲ್ಲಿ ಫ್ಯೂರಿ ತೂರಾಡಿ ಹಗ್ಗಕ್ಕೆ ಆತುಕೊಂಡಾಗ ರೆಫರಿ ಮಾರ್ಕ್ ನೆಲ್ಸನ್ ಮಧ್ಯೆ ಬಂದು ಎಣಿಸಿದರು. ಮೂರೂ ಕಾರ್ಡ್‌ಗಳಲ್ಲಿ ಆ ಸುತ್ತು 10-8 ಆಯಿತು.

ಈಗ ಆ ಎಣಿಕೆ ಇಲ್ಲ ಅಂದುಕೊಳ್ಳಿ. ಉಸಿಕ್ ಆ ಸುತ್ತನ್ನು ಬರೀ 10-9ರಿಂದ ಗೆದ್ದಿದ್ದರೆ ಮೊದಲ ಕಾರ್ಡ್ 115-113 ಉಸಿಕ್, ಎರಡನೆಯದು 114-114, ಮೂರನೆಯದು 115-113 ಫ್ಯೂರಿ. ಅಂದರೆ ಪಂದ್ಯ ಡ್ರಾ! ಲೆನಾಕ್ಸ್ ಲೂಯಿಸ್ ನಂತರ ಹೆವಿವೇಟ್‌ನಲ್ಲಿ ಎಲ್ಲ ಪಟ್ಟಗಳೂ ಒಬ್ಬನ ಸೊಂಟಕ್ಕೆ ಬಂದದ್ದು ಆ ಒಂದು ಎಣಿಕೆಯಿಂದ. ಇಬ್ಬರ ನಡುವಿನ ಅಂತರ ಎಷ್ಟು ಸಣ್ಣದು ಅಂತ ಇಲ್ಲೇ ಗೊತ್ತಾಗುತ್ತದೆ.

ಆ ಪಂದ್ಯವನ್ನು ನಾನು ಕಾಮೆಂಟರಿ ಬಂದ್ ಮಾಡಿ ಮತ್ತೆ ನೋಡಿದೆ. ಕಾಮೆಂಟರಿ ಇದ್ದರೆ ಕಣ್ಣು ಅವರು ಹೇಳಿದ ಕಡೆಗೇ ಹೋಗುತ್ತದೆ. ಶಬ್ದ ಇಲ್ಲದಿದ್ದರೆ ಕಾಲುಗಳು ಕಾಣುತ್ತವೆ. ನನ್ನ ಕಾರ್ಡ್‌ನಲ್ಲಿ ಮೊದಲ ಮೂರು ಸುತ್ತು ಉಸಿಕ್‌ಗೆ (ಎರಡನೆಯದು ಯಾರಿಗೆ ಕೊಟ್ಟರೂ ಜಗಳ ಮಾಡಲ್ಲ), 4ರಿಂದ 7 ಫ್ಯೂರಿಗೆ, 8ರಿಂದ 11 ಉಸಿಕ್‌ಗೆ, ಕೊನೆಯದು ಫ್ಯೂರಿಗೆ. ನಾಳೆ ಏನಾಗುತ್ತದೆ ಅನ್ನುವುದು ಆ ನಡುವಿನ ನಾಲ್ಕು ಸುತ್ತುಗಳ ಮೇಲೆ ನಿಂತಿದೆ ಅಂತ ನನ್ನ ನಂಬಿಕೆ. ಎಲ್ಲರೂ ಒಂಬತ್ತನೇ ಸುತ್ತಿನ ಬಗ್ಗೆ ಮಾತಾಡುತ್ತಾರೆ, ಅದು ಸಹಜ. ಆದರೆ ಫ್ಯೂರಿಯ ಕೋಚ್ ಶುಗರ್‌ಹಿಲ್ ಸ್ಟೀವರ್ಡ್ ಈ ಏಳು ತಿಂಗಳು ತಿರುಗಿಸಿ ತಿರುಗಿಸಿ ನೋಡಿರುವುದು 4ರಿಂದ 7ನ್ನೇ ಇರಬೇಕು.

ಆ ಸುತ್ತುಗಳಲ್ಲಿ ಏನಾಯಿತು ನೋಡಿ. ಮೊದಲು ಫ್ಯೂರಿ ತಲೆಗೆ ಗುರಿ ಇಡುವುದನ್ನು ಕಡಿಮೆ ಮಾಡಿದ. ಉಸಿಕ್‌ನ ತಲೆ ಒಂದು ಕಡೆ ನಿಲ್ಲಲ್ಲ, ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ಹೊರಡುವಷ್ಟರಲ್ಲಿ ಅದು ಬೇರೆ ಕಡೆ ಹೋಗಿರುತ್ತದೆ. ಆದರೆ ಹೊಟ್ಟೆ ಅಷ್ಟು ಬೇಗ ಎಲ್ಲಿಗೂ ಹೋಗಲ್ಲ. ಎಡಗೈ ಬಾಕ್ಸರ್, ಅಂದರೆ ಸೌತ್‌ಪಾ, ಬಲಗೈ ಬಾಕ್ಸರ್ ಎದುರು ನಿಂತಾಗ ಅವನ ಎದೆ, ಹೊಟ್ಟೆಯ ಭಾಗ ಎದುರಾಳಿಯ ಬಲಗೈಗೆ ನೇರವಾಗಿ ತೆರೆದುಕೊಳ್ಳುತ್ತದೆ. ಫ್ಯೂರಿ ಅಲ್ಲಿಗೇ ಬಲಗೈ ಹಾಕಿದ. ಒಂದೆರಡು ಸಲ ಹೊಟ್ಟೆಗೆ ಬಿದ್ದ ಮೇಲೆ ಉಸಿಕ್‌ನ ಮೊಣಕೈ ಕೆಳಗಿಳಿಯಿತು. ಆಗ ಫ್ಯೂರಿ ಅದೇ ಬಲಗೈಯನ್ನು ಅಪ್ಪರ್‌ಕಟ್ ಮಾಡಿ ಕೆಳಗಿನಿಂದ ಮೇಲೆತ್ತಿದ. ಉಸಿಕ್ ತನಗಿಂತ ಎತ್ತರದವರ ಹತ್ತಿರ ಹೋಗುವಾಗ ತಲೆ ಬಗ್ಗಿಸಿಕೊಂಡೇ ಹೋಗಬೇಕು, ಬೇರೆ ದಾರಿ ಇಲ್ಲ. ಬಗ್ಗಿದ ತಲೆಗೆ ಅಪ್ಪರ್‌ಕಟ್‌ನಷ್ಟು ಅಪಾಯದ ಪಂಚ್ ಇನ್ನೊಂದಿಲ್ಲ. ಆರನೇ ಸುತ್ತಿನಲ್ಲಿ ಹಾಗೆ ಬಿದ್ದ ಒಂದು ಪಂಚ್‌ಗೆ ಉಸಿಕ್ ನಿಜವಾಗಿ ಅಲುಗಾಡಿದ. ಆ ಕ್ಷಣ ನೋಡುವಾಗ ಪಂದ್ಯ ಕೈ ಬಿಟ್ಟಿತು ಅಂತಲೇ ನನಗೆ ಅನಿಸಿತ್ತು.

ಆ ನಾಲ್ಕು ಸುತ್ತು ಫ್ಯೂರಿ ಆಡಿದ ಬಾಕ್ಸಿಂಗ್ ಅದ್ಭುತ. 6 ಅಡಿ 9 ಇಂಚು ಎತ್ತರ, 85 ಇಂಚು ಕೈಚಾಚು. ಇಷ್ಟು ದೊಡ್ಡ ಮೈ ಇಷ್ಟು ಹಗುರಾಗಿ ಓಡಾಡುವುದನ್ನು ಹೆವಿವೇಟ್ ಬಾಕ್ಸಿಂಗ್ ಹೆಚ್ಚು ಕಂಡಿಲ್ಲ. ನಾನು ಉಸಿಕ್ ಕಡೆ ಇದ್ದರೂ ಈ ಮಾತು ಹೇಳಲೇಬೇಕು.

ಹಾಗಾದರೆ 12 ಸುತ್ತೂ ಅದನ್ನೇ ಮಾಡಿದರೆ ಫ್ಯೂರಿ ಗೆಲ್ಲುತ್ತಾನಲ್ವಾ? ಹೌದು, ಗೆಲ್ಲುತ್ತಾನೆ. ಮಾಡೋಕಾಗುತ್ತಾ ಅನ್ನುವುದೇ ಪ್ರಶ್ನೆ. ಇಲ್ಲೇ ಆ 281 ನನಗೆ ಹೊಂದಿಕೆಯಾಗುತ್ತಿಲ್ಲ. 4ರಿಂದ 7ನೇ ಸುತ್ತಿನ ಫ್ಯೂರಿ 262 ಪೌಂಡ್ ಇದ್ದ. ಆ ಪಂದ್ಯಕ್ಕೆ ಅವನು ತೆಳ್ಳಗಾಗಿ ಬಂದಿದ್ದ, ಕಾಲು ಓಡುತ್ತಿತ್ತು. ಆ ಕಾಲಿದ್ದದ್ದಕ್ಕೇ ಅಪ್ಪರ್‌ಕಟ್‌ಗೆ ಬೇಕಾದ ದೂರ ಅವನಿಗೆ ಸಿಕ್ಕಿತು. ಅಪ್ಪರ್‌ಕಟ್ ತುಂಬಾ ದೂರದಿಂದ ಹಾಕಿದರೆ ಬಿಟ್ಟು ಹೋಗುತ್ತದೆ, ತುಂಬಾ ಹತ್ತಿರದಿಂದ ಹಾಕಿದರೆ ಬಲ ಇರಲ್ಲ. ಅರ್ಧ ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಮುಂದೆ ಅನ್ನುವ ಆ ಆಟ ಕಾಲಿನದು. 2015ರಲ್ಲಿ ಡುಸೆಲ್ಡಾರ್ಫ್‌ನಲ್ಲಿ ವ್ಲಾಡಿಮಿರ್ ಕ್ಲಿಚ್ಕೋನನ್ನು ಸೋಲಿಸಿದಾಗ ಫ್ಯೂರಿ ಸುಮಾರು 247 ಇದ್ದ. ಅವನ ಅತ್ಯಂತ ಚುರುಕಾದ ಕಾಲು ಅಂದರೆ ಅದು. ಕಳೆದ ವರ್ಷ ಫ್ರಾನ್ಸಿಸ್ ಎನ್‌ಗಾನು ಎದುರು 277 ದಾಟಿದ್ದ. ಎನ್‌ಗಾನುಗೆ ಅದು ಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯ. ಆದರೂ ಮೂರನೇ ಸುತ್ತಿನಲ್ಲಿ ಫ್ಯೂರಿ ನೆಲಕ್ಕೆ ಬಿದ್ದ, ಕೊನೆಗೆ ಸ್ಪ್ಲಿಟ್ ಡಿಸಿಷನ್‌ನಲ್ಲಿ, ಅಂದರೆ ಮೂವರಲ್ಲಿ ಇಬ್ಬರು ಜಡ್ಜ್‌ಗಳ ಮತದಿಂದ, ಹೇಗೋ ಪಾರಾದ.

ಆದರೆ ಅಣ್ಣ ಹೇಳುವುದರಲ್ಲೂ ತಥ್ಯ ಇದೆ. ಫ್ಯೂರಿ ಪಾಳಯ ಸುಮ್ನೆ ತಿಂದು ದಪ್ಪಗಾಗಿ ಬಂದಿಲ್ಲ. ಅವರ ತಲೆಯಲ್ಲಿ ಇರುವುದು 2020ರ ಫೆಬ್ರವರಿ. 2018ರ ಡಿಸೆಂಬರ್‌ನಲ್ಲಿ ಫ್ಯೂರಿ ಮತ್ತು ಡಿಯೊಂಟೆ ವೈಲ್ಡರ್ ಪಂದ್ಯ ಡ್ರಾ ಆಯಿತು. ಫ್ಯೂರಿ ಸುಮಾರು 256 ಪೌಂಡ್‌ನಲ್ಲಿ ತಪ್ಪಿಸಿಕೊಳ್ಳುತ್ತಾ ಆಡಿದ್ದ, 9 ಮತ್ತು 12ನೇ ಸುತ್ತಿನಲ್ಲಿ ಬಿದ್ದಿದ್ದ. ರೀಮ್ಯಾಚ್‌ಗೆ ಕೋಚ್ ಬದಲಾಯಿಸಿದ. ಶುಗರ್‌ಹಿಲ್ ಬಂದದ್ದು ಆಗಲೇ. ತೂಕ 273ಕ್ಕೆ ಏರಿಸಿದ. ಮುನ್ನುಗ್ಗುತ್ತೇನೆ ಅಂತ ಮೊದಲೇ ಎಲ್ಲರಿಗೂ ಸಾರಿದ, ಯಾರೂ ನಂಬಲಿಲ್ಲ. ಹೇಳಿದ ಹಾಗೇ ಮುನ್ನುಗ್ಗಿ ಏಳನೇ ಸುತ್ತಿನಲ್ಲಿ ಮುಗಿಸಿದ.

ಫ್ಯೂರಿಯ ರೀಮ್ಯಾಚ್ ಚರಿತ್ರೆಯೇ ಹಾಗಿದೆ. 2009ರಲ್ಲಿ ಜಾನ್ ಮೆಕ್‌ಡರ್ಮಟ್ ಜೊತೆ ಅಂಕಗಳ ಮೇಲೆ ಗೆದ್ದ, ಆ ತೀರ್ಪನ್ನು ಬಹಳ ಜನ ಒಪ್ಪಲಿಲ್ಲ. ಮುಂದಿನ ವರ್ಷ ಮತ್ತೆ ಆಡಿ ಒಂಬತ್ತನೇ ಸುತ್ತಿನಲ್ಲಿ ಪಂದ್ಯ ಮುಗಿಸಿದ. ಡೆರೆಕ್ ಚಿಸೋರಾ ಜೊತೆ 2011ರಲ್ಲಿ ಪೂರ್ತಿ ಸುತ್ತು ಆಡಬೇಕಾಯಿತು. 2014ರಲ್ಲಿ ಬಹುಪಾಲು ಎಡಗೈ ನಿಲುವಿನಲ್ಲಿ ನಿಂತು ಅವನಿಗೆ ದಿಕ್ಕೇ ತೋಚದಂತೆ ಮಾಡಿದ. ಹತ್ತು ಸುತ್ತು ಆದ ಮೇಲೆ ಚಿಸೋರಾನ ಕಾರ್ನರ್‌ನಲ್ಲಿದ್ದ ಅವನ ತಂಡದವರೇ ಸಾಕು ಅಂದರು. ಮೂರು ಜನರ ಜೊತೆ ಎರಡನೇ ಸಲ ಆಡಿದ್ದಾನೆ, ಮೂರು ಸಲವೂ ಪಂದ್ಯ ಕೊನೆಯ ಗಂಟೆಯ ತನಕ ಹೋಗಿಲ್ಲ. ಎದುರಾಳಿಯನ್ನು ಒಂದು ಸಲ ಓದಿಕೊಂಡರೆ ಫ್ಯೂರಿ ಎರಡನೇ ಸಲ ಬೇರೆಯೇ ಮನುಷ್ಯ. ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಆದರೆ ವೈಲ್ಡರ್ ಎದುರು ನಡೆದದ್ದು ಉಸಿಕ್ ಎದುರು ನಡೆಯುತ್ತಾ? ವೈಲ್ಡರ್‌ಗೆ ಹಿಂದೆ ಹೆಜ್ಜೆ ಇಡುತ್ತಾ ಬಾಕ್ಸಿಂಗ್ ಮಾಡಲು ಬರುತ್ತಿರಲಿಲ್ಲ. ಅವನನ್ನು ಹಿಂದಕ್ಕೆ ತಳ್ಳಿದರೆ ಅವನ ಬಲಗೈಯ ಮದ್ದು ಅಲ್ಲೇ ಆರಿಹೋಗುತ್ತಿತ್ತು. ಕ್ಲಿಂಚ್‌ನಲ್ಲಿ, ಅಂದರೆ ಒಬ್ಬರನ್ನೊಬ್ಬರು ತಬ್ಬಿ ಹಿಡಿದಾಗ, ಫ್ಯೂರಿ ಅವನ ಕತ್ತಿನ ಮೇಲೆ ಒರಗಿ ಒರಗಿ ಕಾಲಿನ ಶಕ್ತಿ ಹೀರಿಬಿಟ್ಟ. ಉಸಿಕ್ ನಿಂತಲ್ಲಿ ನಿಲ್ಲುವವನಲ್ಲ. ಅವನನ್ನು ಹಿಡಿದು ಒರಗಬೇಕಾದರೆ ಮೊದಲು ಹಿಡಿಯಬೇಕು. ಮೇ ತಿಂಗಳಲ್ಲೂ ಎಲ್ಲರೂ ಫ್ಯೂರಿ ಮೈಮೇಲೆ ಬೀಳುತ್ತಾನೆ ಅಂತಲೇ ಅಂದಿದ್ದರು. ಅಷ್ಟೇನೂ ಬೀಳಲಿಲ್ಲ. ಬೀಳೋಕೆ ಉಸಿಕ್ ಬಿಡಲಿಲ್ಲ ಅನ್ನುವುದು ಸರಿ. ಕ್ಲಿಂಚ್ ಆಗುವ ಮುಂಚೆಯೇ ಅವನು ಪಕ್ಕದಿಂದ ಜಾರಿಕೊಳ್ಳುತ್ತಿದ್ದ.

ಕಾಲಿನ ವಿಷಯ ಬಂದದ್ದಕ್ಕೆ ಇನ್ನೊಂದು ಸಂಗತಿ ಹೇಳಬೇಕು. ನಾನು ಸ್ವಲ್ಪ ಕಾಲ ಕ್ಲಬ್ ಮಟ್ಟದಲ್ಲಿ ಗ್ಲೌಸ್ ಹಾಕಿದವನು. ಅಲ್ಲಿ ನನಗಿಂತ ಗಿಡ್ಡ, ತೆಳ್ಳಗಿನ ಒಬ್ಬ ಎಡಗೈ ಹುಡುಗನಿದ್ದ. ಅವನ ಜೊತೆ ಸ್ಪಾರಿಂಗ್ (ಅಭ್ಯಾಸದ ಪಂದ್ಯ) ಅಂದರೆ ಸಾಕು, ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ನನ್ನ ಎಡಗಾಲು, ಅವನ ಬಲಗಾಲು, ಎರಡೂ ಮುಂದೆ. ಹೆಜ್ಜೆ ಇಟ್ಟಾಗಲೆಲ್ಲ ಎರಡೂ ಒಂದಕ್ಕೊಂದು ತಾಗುತ್ತಿದ್ದವು. ನಾನು ಜ್ಯಾಬ್ ಬಿಟ್ಟರೆ ಅದು ಅವನ ಮುಂಗೈಗೆ ಬಡಿದು ನಿಲ್ಲುತ್ತಿತ್ತು. ಅವನ ಕೆಲಸ ಒಂದೇ, ತನ್ನ ಬಲಗಾಲನ್ನು ನನ್ನ ಎಡಗಾಲಿನ ಹೊರಗೆ ಇಡುವುದು. ಅದೊಂದು ಹೆಜ್ಜೆ ಸಿಕ್ಕಿತು ಅಂದರೆ ಅವನ ಎಡಗೈ ನನ್ನ ಗದ್ದಕ್ಕೆ ನೇರ ದಾರಿಯಲ್ಲಿ ಬರುತ್ತಿತ್ತು, ನನ್ನ ಬಲಗೈ ಮಾತ್ರ ಅವನಿಂದ ದೂರ ಉಳಿದಿರುತ್ತಿತ್ತು. ಪಂಚ್ ಬಿದ್ದ ಮೇಲೆಯೇ ಗೊತ್ತಾಗುತ್ತಿತ್ತು. ಗ್ಲೌಸಿನ ಒದ್ದೆ ಚರ್ಮ ಮೂಗಿಗೆ ಒತ್ತಿ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಕೋಚ್ ಹಿಂದಿನಿಂದ "ಕಾಲು ನೋಡೋ, ಕೈ ಅಲ್ಲ!" ಅಂತ ಕೂಗುತ್ತಿದ್ದರು.

ಉಸಿಕ್‌ನ ಇಡೀ ಬಾಕ್ಸಿಂಗ್ ಈ ಹೆಜ್ಜೆಯ ಮೇಲೆ ಕಟ್ಟಿದ್ದು. ಆದರೆ ಅವನು ಅದನ್ನೂ ಮೀರಿದವನು. ಹೊರಗಿನ ಹೆಜ್ಜೆಗೆ ಎದುರಾಳಿ ಸಿದ್ಧನಾಗಿದ್ದಾನೆ ಅಂತ ಕಂಡರೆ ಒಳಗಡೆ ಹೆಜ್ಜೆ ಇಟ್ಟು ಎಡಗೈಯನ್ನು ಮೇಲಿನಿಂದ ಸುತ್ತಿ ಹಾಕುತ್ತಾನೆ. ಬಲಗೈಯ ಜ್ಯಾಬ್ ಬಹಳ ಸಲ ಹೊಡೆಯೋಕೇ ಅಲ್ಲ, ಎದುರಾಳಿಯ ಕಣ್ಣಿಗೆ ಮರೆ ಮಾಡೋಕೆ, ಮುಂದಿನ ಕೈಯನ್ನು ಅಲ್ಲೇ ಹಿಡಿದಿಡೋಕೆ.

ಈಗ ಆ ಒಂಬತ್ತನೇ ಸುತ್ತು. ಎಂಟನೆಯದರಲ್ಲೇ ಫ್ಯೂರಿಯ ಮುಖ ಕೆಟ್ಟಿತ್ತು. ಮೂಗಿನಿಂದ ರಕ್ತ, ಬಲಗಣ್ಣಿನ ಸುತ್ತ ಊತ. ಮುಖ್ಯವಾದದ್ದು, ಫ್ಯೂರಿ ಹಿಂದೆ ಬಾಗುವುದು ನಿಧಾನ ಆಗಿತ್ತು. ಅವನ ರಕ್ಷಣೆ ಬಹುಪಾಲು ಆ ಬಾಗುವಿಕೆಯೇ. ಸೊಂಟದಿಂದ ಹಿಂದಕ್ಕೆ ಬಾಗಿ ಪಂಚ್ ಮೂಗಿನ ಮುಂದೆ ಹೋಗುವ ಹಾಗೆ ಮಾಡುತ್ತಾನೆ. ಮೊದಲ ಸುತ್ತುಗಳಲ್ಲಿ ಉಸಿಕ್‌ನ ಎಡಗೈ ಹಾಗೆ ಕೂದಲೆಳೆಯಲ್ಲಿ ತಪ್ಪುತ್ತಿತ್ತು. ಒಂಬತ್ತರಲ್ಲಿ ತಪ್ಪಲಿಲ್ಲ. ಒಂದು ಎಡಗೈ ನೇರ ಬಿತ್ತು. ಫ್ಯೂರಿಯ ಕಾಲು ಕೆಳಗೆ ಇಲ್ಲದ ಹಾಗಾಯಿತು. ಉಸಿಕ್ ಬೆನ್ನಟ್ಟಿದ, ಅವಸರದಲ್ಲಿ ಗಾಳಿಗೆ ಹೊಡೆಯಲಿಲ್ಲ. ಒಂದು ಹಾಕಿ, ಫ್ಯೂರಿ ಎಲ್ಲಿಗೆ ತೂರುತ್ತಾನೆ ನೋಡಿ, ಅಲ್ಲಿ ಇನ್ನೊಂದು. ರಿಂಗ್‌ನ ಒಂದು ಬದಿಯಿಂದ ಇನ್ನೊಂದು ಬದಿಗೆ ಫ್ಯೂರಿ ತೂರಿದ, ಹಗ್ಗ ಅವನನ್ನು ಹಿಡಿದು ನಿಲ್ಲಿಸಿತು. ಹಗ್ಗ ಇಲ್ಲದಿದ್ದರೆ ನೆಲಕ್ಕೇ ಬೀಳುತ್ತಿದ್ದ, ಅದಕ್ಕೇ ಎಣಿಕೆ. ಎಣಿಕೆ ಮುಗಿಯುವಷ್ಟರಲ್ಲಿ ಗಂಟೆ.

ಇದರಲ್ಲಿ ಅದೃಷ್ಟ ಇತ್ತಾ? ನನ್ನ ಪ್ರಕಾರ ಇಲ್ಲ. ಅದು ಎಂಟು ಸುತ್ತುಗಳ ಸಾಲ ವಸೂಲಿ. ಮೊದಲ ಮೂರು ಸುತ್ತಿನಲ್ಲಿ ಉಸಿಕ್ ಫ್ಯೂರಿಯ ಹೊಟ್ಟೆಗೆ ಎಡಗೈ ಹಾಕುತ್ತಾ ಬಂದಿದ್ದ. ಟಿವಿಯಲ್ಲಿ ಅವು ಸಪ್ಪೆಯಾಗಿ ಕಾಣುತ್ತಿದ್ದವು, ಫ್ಯೂರಿ ನಾಲಿಗೆ ಚಾಚಿ ಅಣಕಿಸುತ್ತಲೂ ಇದ್ದ. ಹಾಗೆ ಬಿದ್ದದ್ದೆಲ್ಲ ಕೊನೆಗೆ ಬಂದು ಸೇರುವುದು ಸೊಂಟಕ್ಕೆ, ಕಾಲಿಗೆ. ಪಂಚ್ ಲೆಕ್ಕ ಇಡುವ ಕಾಂಪ್ಯೂಬಾಕ್ಸ್ ಪ್ರಕಾರ ಇಡೀ ಪಂದ್ಯದಲ್ಲಿ ಉಸಿಕ್ 407ರಲ್ಲಿ 170 ಪಂಚ್ ತಾಗಿಸಿದ, ಫ್ಯೂರಿ 496ರಲ್ಲಿ 157. ಕಡಿಮೆ ಹೊಡೆದು ಜಾಸ್ತಿ ತಾಗಿಸಿದವನು ಚಿಕ್ಕವನು, ಕೈ ಗಿಡ್ಡ ಇರುವವನು. ಜಾಸ್ತಿ ಗಾಳಿಗೆ ಹೊಡೆದವನು ಸುಸ್ತಾದ. ನಾಳೆ ಆ ಗಾಳಿಗೆ ಹೊಡೆಯುವ ಕೈಗಳು ಇನ್ನೂ ಭಾರ ಇರುತ್ತವೆ.

ತೂಕ ಏರಿಸಿ ರೀಮ್ಯಾಚ್‌ಗೆ ಬಂದವರ ಕಥೆ ಹೆವಿವೇಟ್‌ನಲ್ಲಿ ಇತ್ತೀಚೆಗೇ ಒಂದು ಆಗಿದೆ. ಅದೂ ಸೌದಿಯಲ್ಲೇ. 2019ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಆಂಡಿ ರೂಯಿಜ್ 268 ಪೌಂಡ್‌ನಲ್ಲಿ ಅಂತೋನಿ ಜೋಶುವಾನನ್ನು ಏಳನೇ ಸುತ್ತಿನಲ್ಲಿ ಸೋಲಿಸಿ ಜಗತ್ತನ್ನೇ ದಂಗುಬಡಿಸಿದ. ಡಿಸೆಂಬರ್‌ನ ರೀಮ್ಯಾಚ್‌ಗೆ 283 ಆಗಿ ಬಂದ. ಜೋಶುವಾ ಉಲ್ಟಾ, 10 ಪೌಂಡ್ ಇಳಿಸಿ 237ಕ್ಕೆ ಬಂದ. 12 ಸುತ್ತೂ ಜ್ಯಾಬ್ ಹಾಕುತ್ತಾ ಸುತ್ತುತ್ತಾ ಇದ್ದ, ರೂಯಿಜ್ ಅವನನ್ನು ಹಿಡಿಯಲೇ ಆಗಲಿಲ್ಲ. ಫ್ಯೂರಿ ರೂಯಿಜ್ ಅಲ್ಲ, ಅವನ ತಯಾರಿ ಬೇರೆ ಮಟ್ಟದ್ದು. ಆದರೆ ಓಡಾಡುವವನ ಎದುರು ಕೆಜಿ ಏರಿಸಿಕೊಂಡು ಬಂದರೆ ಏನಾಗುತ್ತದೆ ಅಂತ ಆ ರಾತ್ರಿ ಕಂಡಿದ್ದೇವೆ.

ಉಸಿಕ್‌ಗೂ ಒಂದು ದೊಡ್ಡ ರೀಮ್ಯಾಚ್ ಅನುಭವ ಇದೆ. ನಾಳೆಯದನ್ನು ಊಹಿಸಲು ನಾನು ಎಲ್ಲಕ್ಕಿಂತ ಜಾಸ್ತಿ ನಂಬುವುದು ಅದನ್ನೇ. 2021ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಜೋಶುವಾನನ್ನು ಅಂಕಗಳ ಮೇಲೆ ಸೋಲಿಸಿದ. 2022ರ ಆಗಸ್ಟ್‌ನಲ್ಲಿ ಜೆಡ್ಡಾದಲ್ಲಿ ಮತ್ತೆ ಆಡಿದರು. ಜೋಶುವಾ ಹೊಸ ಕೋಚ್ ರಾಬರ್ಟ್ ಗಾರ್ಸಿಯಾ ಜೊತೆ ಬಂದ, ತಲೆ ಬಿಟ್ಟು ಹೊಟ್ಟೆಗೆ ಹೊಡೆದ. ಮೊದಲ ಪಂದ್ಯಕ್ಕಿಂತ ಎಷ್ಟೋ ಚೆನ್ನಾಗಿ ಆಡಿದ. ಒಂಬತ್ತನೇ ಸುತ್ತಿನಲ್ಲಿ ಉಸಿಕ್‌ನನ್ನು ನಿಜವಾಗಿ ಕಷ್ಟಕ್ಕೆ ಸಿಕ್ಕಿಸಿದ. ಯಾರೇ ಆದರೂ ಹತ್ತನೇ ಸುತ್ತಿನಲ್ಲಿ ಹಿಂದೆ ಸರಿದು ಉಸಿರು ಹಿಡಿಯುತ್ತಿದ್ದರು. ಉಸಿಕ್ ಮುಂದೆ ಬಂದ. ಆ ಮೂರು ನಿಮಿಷ ಅವನು ಪಂಚ್ ಸುರಿದ ರೀತಿ ನೋಡಿದರೆ ಎದುರಾಳಿಯ ಮನಸ್ಸೇ ಒಡೆದುಹೋಗಬೇಕು. ಒಬ್ಬ ಜಡ್ಜ್ ಜೋಶುವಾಗೆ 115-113 ಕೊಟ್ಟರು, ಉಳಿದಿಬ್ಬರು 115-113 ಮತ್ತು 116-112 ಉಸಿಕ್‌ಗೆ. ಮೇ ತಿಂಗಳಲ್ಲೂ ಅದೇ ನಡೆಯಿತು. ಆರನೇ ಸುತ್ತಿನ ಅಪ್ಪರ್‌ಕಟ್ ತಿಂದವನು ಎಂಟನೇ ಸುತ್ತಿನಲ್ಲಿ ಬೇಟೆಗೆ ಇಳಿದಿದ್ದ.

ಫ್ಯೂರಿ ಒಂದು ಸಲ ಓದಿಕೊಂಡು ಎರಡನೇ ಸಲ ಹೊಸಬನಾಗಿ ಬರುತ್ತಾನೆ ಅಂದೆನಲ್ಲ. ಉಸಿಕ್ ಓದುವುದು ಪಂದ್ಯದ ಒಳಗೇ. ಎದುರಾಳಿಯ ಹೊಸ ಯೋಜನೆ ಏನು ಅಂತ ಮೂರ್ನಾಲ್ಕು ಸುತ್ತು ನೋಡಿ, ಏಟು ತಿಂದಾದರೂ ತಿಳಿದುಕೊಂಡು, ಆಮೇಲೆ ಉತ್ತರ ಕೊಡುತ್ತಾನೆ. 12 ಸುತ್ತಿನ ಆಟದಲ್ಲಿ ಈ ಗುಣ ಕೊನೆಯ ನಾಲ್ಕು ಸುತ್ತಿಗೆ ಕೆಲಸಕ್ಕೆ ಬರುತ್ತದೆ. ಫ್ಯೂರಿ ಯಾವ ಯೋಜನೆ ತಂದರೂ ಅದು ಎಂಟನೇ ಸುತ್ತಿನ ತನಕ ಮಾತ್ರ ಹೊಸದಾಗಿರುತ್ತದೆ ಅಂತ ನನ್ನ ಎಣಿಕೆ.

ಹಾಗಾದರೆ ನಾಳೆ ಹೇಗೆ ನಡೆಯಬಹುದು? ಮೊದಲ ಸುತ್ತಿನಿಂದಲೇ ಫ್ಯೂರಿ ಗಂಭೀರವಾಗಿ ಇರುತ್ತಾನೆ. ಹೋದ ಸಲ ಕಂಬಕ್ಕೆ ಒರಗಿ ಕೋಡಂಗಿ ಆಟ ಆಡಿ ಆರಂಭದ ಸುತ್ತುಗಳನ್ನು ಕೈಬಿಟ್ಟ, ಈ ಸಲ ಅದು ಇರಲ್ಲ. ನಡುರಿಂಗ್ ಹಿಡಿದು ಉದ್ದ ಜ್ಯಾಬ್, ಅದರ ಹಿಂದೆಯೇ ಹೊಟ್ಟೆಗೆ ಬಲಗೈ. ಮೊದಲ ನಾಲ್ಕರಲ್ಲಿ ಮೂರು ಸುತ್ತು ಫ್ಯೂರಿ ತೆಗೆದುಕೊಂಡರೂ ನನಗೆ ಆಶ್ಚರ್ಯ ಇಲ್ಲ. ಕ್ಲಿಂಚ್‌ಗೂ ಹೋದ ಸಲಕ್ಕಿಂತ ಜಾಸ್ತಿ ಪ್ರಯತ್ನ ಮಾಡುತ್ತಾನೆ. ಮೊದಲ ಒಂದೆರಡು ಕ್ಲಿಂಚ್‌ನಲ್ಲಿ ರೆಫರಿ ಎಷ್ಟು ಬೇಗ ಬಿಡಿಸುತ್ತಾರೆ ಅನ್ನುವುದನ್ನು ನೋಡಿಕೊಳ್ಳಿ. ತಡ ಮಾಡಿದರೆ ಆ ತೂಕಕ್ಕೆ ಬೆಲೆ ಬರುತ್ತದೆ. ಕೂಡಲೇ ಬಿಡಿಸಿದರೆ ಅದು ಫ್ಯೂರಿಗೇ ಹೊರೆ.

ಐದು, ಆರನೇ ಸುತ್ತಿನ ಹೊತ್ತಿಗೆ ಉಸಿಕ್ ಒಂದು ಉಪಾಯ ಹೂಡುತ್ತಾನೆ ಅಂತ ನನ್ನ ಊಹೆ. ತಲೆ ಬಗ್ಗಿಸಿ ಒಳಗೆ ಬರುವ ಹಾಗೆ ತೋರಿಸಿ ಅರ್ಧದಲ್ಲೇ ನಿಲ್ಲುವುದು. ಫ್ಯೂರಿಯ ಅಪ್ಪರ್‌ಕಟ್ ಗಾಳಿಯಲ್ಲಿ ಮೇಲೇಳುತ್ತದೆ, ಆಗ ಅವನ ಬಲಗಡೆ ಪೂರ್ತಿ ಖಾಲಿ. ಅಲ್ಲಿ ಉಸಿಕ್‌ನ ಎಡಗೈ. ಮೇ ಪಂದ್ಯದ ಕೊನೆಯ ಸುತ್ತುಗಳಲ್ಲೇ ಇದರ ಒಂದೆರಡು ತುಣುಕು ಕಾಣುತ್ತದೆ. ಆ ಬಲಗಣ್ಣಿನ ವಿಷಯವೂ ಇದೆ. 2019ರಲ್ಲಿ ಒಟ್ಟೊ ವಾಲಿನ್ ಅನ್ನುವ ಇನ್ನೊಬ್ಬ ಎಡಗೈ ಬಾಕ್ಸರ್ ಫ್ಯೂರಿಯ ಬಲಗಣ್ಣಿನ ಮೇಲೆ ಆಳವಾಗಿ ಸೀಳಿದ್ದ. ಈ ವರ್ಷ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಉಸಿಕ್ ಪಂದ್ಯ ಮೇ ತಿಂಗಳಿಗೆ ಹೋದದ್ದೂ ಸ್ಪಾರಿಂಗ್‌ನಲ್ಲಿ ಬಲಗಣ್ಣಿನ ಮೇಲೆ ಆದ ಗಾಯದಿಂದ. ಸೌತ್‌ಪಾನ ಎಡಗೈ ಬಂದು ಬೀಳುವುದು ಸರಿಯಾಗಿ ಅದೇ ಕಡೆಗೆ.

ನನ್ನ ಲೆಕ್ಕ ತಪ್ಪುವುದಾದರೆ ಒಂದೇ ಕಡೆಯಿಂದ ತಪ್ಪಬಹುದು. ಉಸಿಕ್‌ಗೆ ಬರುವ ಜನವರಿಗೆ 38. ಹೆವಿವೇಟ್‌ಗಿಂತ ಕೆಳಗಿನ ತೂಕದ ವರ್ಗದಿಂದ ಮೇಲೆ ಬಂದವನು, ಇಷ್ಟು ದೊಡ್ಡವರ ಜೊತೆ ಸಾಲಾಗಿ ಆಡುತ್ತಿದ್ದಾನೆ. ಕಾಲು ಆಟದ ಬಾಕ್ಸರ್‌ಗಳು ಒಂದೇ ರಾತ್ರಿಯಲ್ಲಿ ಮುದುಕರಾಗುವುದನ್ನು ಈ ಕ್ರೀಡೆ ಬಹಳ ಸಲ ತೋರಿಸಿದೆ. ಮೂರನೇ ಸುತ್ತಿನಲ್ಲೇ ಅವನು ಹೊಟ್ಟೆಗೆ ಬಿದ್ದ ಏಟಿಗೆ ಉಸಿರು ಹೊರಗೆ ಬಿಟ್ಟು ಮೊಣಕೈ ಇಳಿಸಿದರೆ, ಆಗ ಅಣ್ಣನೇ ಸರಿ. ಫ್ಯೂರಿ ಏಳು ಸುತ್ತಿಗೆ ಐದು ಅಥವಾ ಇನ್ನೂ ದೊಡ್ಡದಾಗಿ ಗೆಲ್ಲುತ್ತಾನೆ. ಆದರೆ ತೂಕ ಹಾಕಿದ ವೇದಿಕೆ ಮೇಲೆ ನಾನು ಕಂಡ ಉಸಿಕ್ ಹಾಗೆ ಕಾಣಲಿಲ್ಲ. ಮೇ ತಿಂಗಳಿಗಿಂತ ಒಂದೆರಡು ಪೌಂಡ್ ಹೆಚ್ಚು, ಮುಖದಲ್ಲಿ ಅದೇ ಶಾಂತಿ.

ವಿಶ್ವ ಪಟ್ಟ ಕೊಡುವ ಸಂಸ್ಥೆಗಳಲ್ಲಿ ಒಂದಾದ ಐಬಿಎಫ್‌ನ ಪಟ್ಟವನ್ನು ಉಸಿಕ್ ಜೂನ್‌ನಲ್ಲೇ ಬಿಟ್ಟುಕೊಟ್ಟ, ಅದು ಡೇನಿಯಲ್ ಡುಬಾಯ್ಸ್ ಪಾಲಾಯಿತು. ಹಾಗಾಗಿ ನಾಳೆ ಪಣಕ್ಕಿರುವುದು ಮೂರೇ ಪಟ್ಟ. ನನಗೆ ಅದರಿಂದ ಏನೂ ಕಡಿಮೆ ಅನಿಸಿಲ್ಲ. ಈ ಕಾಲದ ಇಬ್ಬರು ಅತ್ಯುತ್ತಮ ಹೆವಿವೇಟ್‌ಗಳು ಎದುರುಬದುರಾಗುತ್ತಿದ್ದಾರೆ. ಒಬ್ಬರ ಆಟ ಇನ್ನೊಬ್ಬರಿಗೆ ಗೊತ್ತು.

ನೀವು ನೋಡುವುದಾದರೆ ಮೊದಲ ಎರಡು ನಿಮಿಷ ಕೈಗಳನ್ನು ನೋಡಬೇಡಿ, ಫ್ಯೂರಿಯ ಎಡಗಾಲನ್ನು ನೋಡಿ. ಅದು ಉಸಿಕ್‌ನ ಬಲಗಾಲಿನ ಹೊರಗೆ ಇಳಿಯುತ್ತಿದ್ದರೆ 281 ಪೌಂಡ್ ಅವನಿಗೆ ಭಾರ ಆಗಿಲ್ಲ ಅಂತ ಅರ್ಥ, ಪಂದ್ಯ ಕೊನೆಯ ಸುತ್ತಿನ ತನಕ ತಕ್ಕಡಿಯಲ್ಲೇ ಇರುತ್ತದೆ. ಒಳಗೇ ಇಳಿಯುತ್ತಿದ್ದರೆ ಎಂಟನೇ ಸುತ್ತಿನ ಹೊತ್ತಿಗೆ ಉಸಿಕ್‌ನ ಎಡಗೈ ದಾರಿ ಕಂಡುಕೊಂಡಿರುತ್ತದೆ. ನನ್ನ ಕಾರ್ಡ್: ಉಸಿಕ್ 115, ಫ್ಯೂರಿ 113, ಯಾರೂ ನೆಲಕ್ಕೆ ಬೀಳಲ್ಲ. ಅಣ್ಣನದು ಫ್ಯೂರಿ, ಹತ್ತನೇ ಸುತ್ತಿನಲ್ಲಿ ನಾಕೌಟ್. ನಿಮ್ಮದನ್ನು ಗಂಟೆ ಹೊಡೆಯುವ ಮುಂಚೆ ಹೇಳಿ.